ರಚ್ಚೆ (ಮಕ್ಕಳ ವರ್ತನೆ)

ರಚ್ಚೆ ಎಂದರೆ ಎಳೆಯ ಮಕ್ಕಳು ಸಿಟ್ಟು, ನಿರಾಶೆ ಅಥವಾ ದಣಿವನ್ನು ತಾಳಲಾರದೆ ಜೋರಾಗಿ ಅಳುವ, ಕಿರುಚುವ, ನೆಲದ ಮೇಲೆ ಹೊರಳಾಡುವ, ಒದೆಯುವ ಅಥವಾ ವಸ್ತುಗಳನ್ನು ಎಸೆಯುವ ವರ್ತನೆ. ಆಡುಮಾತಿನಲ್ಲಿ ಇದನ್ನು 'ರಚ್ಚೆ ಹಿಡಿಯುವುದು', 'ಹಠ ಮಾಡುವುದು' ಎನ್ನುತ್ತಾರೆ. ಸಾಮಾನ್ಯವಾಗಿ 1ರಿಂದ 4 ವರ್ಷದ ಮಕ್ಕಳಲ್ಲಿ ಕಂಡುಬರುವ ಇದು 2–3 ವರ್ಷದ ವಯಸ್ಸಿನಲ್ಲಿ ಹೆಚ್ಚು. ಇದು ಬೆಳವಣಿಗೆಯ ಸಹಜ ಹಂತವೇ ಹೊರತು ಮಗುವಿನ ಕೆಟ್ಟತನದ ಅಥವಾ ಪಾಲಕರ ಸೋಲಿನ ಗುರುತಲ್ಲ.

ಕಾರಣಗಳು

ಈ ವಯಸ್ಸಿನ ಮಗುವಿಗೆ ಬಯಕೆಗಳು ಹೆಚ್ಚು, ಅವನ್ನು ತಿಳಿಸಲು ಬೇಕಾದ ಮಾತು ಕಡಿಮೆ. ಭಾವನೆಗಳನ್ನು ಹತೋಟಿಯಲ್ಲಿಡಲು ನೆರವಾಗುವ ಮಿದುಳಿನ ಮುಂಭಾಗ (ಪ್ರಿಫ್ರಂಟಲ್ ಕಾರ್ಟೆಕ್ಸ್) ಆಗಿನ್ನೂ ಬಲಿತಿರುವುದಿಲ್ಲ. ಹಸಿವು, ನಿದ್ದೆಗೇಡು, ಅನಾರೋಗ್ಯ, ಆಟವನ್ನು ಥಟ್ಟನೆ ನಿಲ್ಲಿಸುವುದು ಮುಂತಾದವು ರಚ್ಚೆಗೆ ಪ್ರಚೋದನೆ ನೀಡುತ್ತವೆ.

ಅಧ್ಯಯನಗಳು

ಅಮೆರಿಕದ ಮನೋವಿಜ್ಞಾನಿ ಫ್ಲಾರೆನ್ಸ್ ಗುಡ್‌ಇನಫ್ ಅವರು ಪಾಲಕರು ಮನೆಯಲ್ಲಿ ಬರೆದಿಟ್ಟ ದಾಖಲೆಗಳನ್ನು ಆಧರಿಸಿ ಮಕ್ಕಳ ಸಿಟ್ಟಿನ ಕುರಿತ ಗ್ರಂಥವನ್ನು 1931ರಲ್ಲಿ ಪ್ರಕಟಿಸಿದರು. ಮುಂದೆ ಜೆರಾಲ್ಡ್ ಪ್ಯಾಟರ್ಸನ್ ಅವರು, ಮಗು ಕಿರುಚಿದಾಗ ಹಿರಿಯರು ಮಣಿದರೆ ಎರಡೂ ಕಡೆಯ ವರ್ತನೆ ಬಲಗೊಳ್ಳುತ್ತದೆ ಎಂದು ವಿವರಿಸಿದರು: ಕಿರುಚಿದರೆ ಬೇಕಾದುದು ಸಿಗುತ್ತದೆಂದು ಮಗು ಕಲಿಯುತ್ತದೆ, ಮಣಿದರೆ ಗಲಾಟೆ ನಿಲ್ಲುತ್ತದೆಂದು ಹಿರಿಯರು ಕಲಿಯುತ್ತಾರೆ.

ಒರಟಾಟ ಮತ್ತು ಜಗಳ

ಗುದ್ದಾಟ, ಅಟ್ಟಾಡಿಸುವಿಕೆ, ಉರುಳಾಟಗಳೆಲ್ಲ ಆಕ್ರಮಣವಲ್ಲ. ಒರಟಾಟದಲ್ಲಿ ಮಕ್ಕಳ ಮುಖದಲ್ಲಿ ನಗುವಿರುತ್ತದೆ, ಹಿಡಿಯುವವರು ಮತ್ತು ಓಡುವವರು ಅದಲುಬದಲಾಗುತ್ತಾರೆ, ಆಟ ಮುಗಿದ ಮೇಲೂ ಜೊತೆಯಲ್ಲೇ ಉಳಿಯುತ್ತಾರೆ. ಜಗಳದಲ್ಲಿ ನಗು ಇರುವುದಿಲ್ಲ. ಒಬ್ಬರು ಅತ್ತು ದೂರ ಸರಿಯುತ್ತಾರೆ. 'ಸಾಕು ಎಂದರೆ ನಿಲ್ಲಿಸಬೇಕು' ಎಂಬ ನಿಯಮದೊಡನೆ ಒರಟಾಟಕ್ಕೆ ಅವಕಾಶ ಕೊಡಬಹುದು. ಆಯಾಸಗೊಂಡಾಗ ಆಟವೇ ರಚ್ಚೆಗೆ ತಿರುಗುವುದರಿಂದ ಅದಕ್ಕೂ ಮೊದಲೇ ನಿಲ್ಲಿಸುವುದು ಒಳಿತು.

ನಿರ್ವಹಣೆ

* ಮುನ್ನ: ಊಟ ಮತ್ತು ನಿದ್ದೆಯ ವೇಳೆಯನ್ನು ಕಾಪಾಡುವುದು, ಆಟ ನಿಲ್ಲಿಸುವ ಮೊದಲು ಮುನ್ಸೂಚನೆ ನೀಡುವುದು, 'ಕೆಂಪು ಅಂಗಿಯೋ ನೀಲಿಯೋ' ಎಂಬಂಥ ಸಣ್ಣ ಆಯ್ಕೆಗಳನ್ನು ಕೊಡುವುದು.
* ರಚ್ಚೆಯ ವೇಳೆ: ಅಪಾಯಕಾರಿ ವಸ್ತುಗಳನ್ನು ಸರಿಸಿ ಶಾಂತವಾಗಿ ಹತ್ತಿರವಿರುವುದು. ಆಗ ದೀರ್ಘ ಉಪದೇಶ ಮಗುವಿನ ತಲೆಗೆ ಹೋಗದು. ಹೊಡೆಯುವುದು, ಕಚ್ಚುವುದು ಕಂಡರೆ ಕೈಹಿಡಿದು ತಡೆದು, 'ಹೊಡೆಯಬಾರದು' ಎಂದಷ್ಟೇ ಹೇಳಬೇಕು. ಒಮ್ಮೆ ನಿರಾಕರಿಸಿದ್ದನ್ನು ಅಳುವಿಗೆ ಮಣಿದು ಕೊಡಬಾರದು.
* ನಂತರ: ಮಗುವನ್ನು ಸಂತೈಸಿ, 'ನಿನಗೆ ಸಿಟ್ಟು ಬಂದಿತ್ತು' ಎಂದು ಭಾವನೆಯನ್ನು ಹೆಸರಿಸುವುದು, ಮಾತಿನಲ್ಲಿ ಕೇಳಿದಾಗ ಮೆಚ್ಚುವುದು.

ಹೊಡೆತದಿಂದ ಸಿಟ್ಟು ತಗ್ಗದು. ಸಿಟ್ಟು ಬಂದಾಗ ಹೊಡೆಯಬಹುದೆಂಬ ಮಾದರಿಯನ್ನು ಅದು ಮಗುವಿನ ಮುಂದಿಡುತ್ತದೆ. ಮನೆಯ ಹಿರಿಯರಲ್ಲಿ ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರು ಕೊಡದಿರುವುದೂ ಮುಖ್ಯ.

ವೈದ್ಯಕೀಯ ಸಲಹೆ

ಕೆಲವು ಮಕ್ಕಳು ಅಳುತ್ತ ಉಸಿರುಗಟ್ಟಿ, ನೀಲಿಗಟ್ಟಿ, ಅಲ್ಪಕಾಲ ಪ್ರಜ್ಞೆ ತಪ್ಪುವುದುಂಟು. ಇದು ಸಾಮಾನ್ಯವಾಗಿ 6 ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ಆದರೂ ಮೊದಲ ಬಾರಿ ಕಂಡಾಗ ವೈದ್ಯರಿಗೆ ತೋರಿಸಬೇಕು. ಕೆಲವರಲ್ಲಿ ಕಬ್ಬಿಣದ ಕೊರತೆ ಇದರೊಂದಿಗೆ ಇರುತ್ತದೆ. ಮಗು ತನಗೆ ಅಥವಾ ಇತರರಿಗೆ ಗಾಯಮಾಡಿಕೊಳ್ಳುವಂತಿದ್ದರೆ, 4 ವರ್ಷದ ನಂತರವೂ ರಚ್ಚೆ ಹೆಚ್ಚುತ್ತಿದ್ದರೆ ಅಥವಾ ಮಾತು ಬರುವುದು ತಡವಾಗಿದ್ದರೆ ಮಕ್ಕಳ ತಜ್ಞರನ್ನು ಕಾಣುವುದು ಅಗತ್ಯ.