ಚಿತ್ರನಟಿ ಕಲ್ಪನಾ: ಛಾಯಾಚಿತ್ರಗಳೂ ಆಹಾರ್ಯವೂ

ರಾಜರ ಚರಿತ್ರೆಗೆ ಶಾಸನಗಳೂ ಕವಿಗಳ ಕಾಲನಿರ್ಣಯಕ್ಕೆ ಓಲೆಗರಿಗಳೂ ಹೇಗೆ ಆಧಾರವೋ ಹಾಗೆ ಚಲನಚಿತ್ರದ ನಟನಟಿಯರ ಚರಿತ್ರೆಗೆ ಅವರ ಛಾಯಾಚಿತ್ರಗಳೂ ಉಟ್ಟು ತೊಟ್ಟ ವಸ್ತುಗಳೂ ಆಧಾರವಾಗತಕ್ಕವು. ಶಾಸನವನ್ನು ಕೂಟವೋ ನಿಜವೋ ಎಂದು ಶೋಧಿಸುವ ವಿದ್ವಾಂಸರು ಛಾಯಾಚಿತ್ರವನ್ನು ಮಾತ್ರ ಕಂಡೊಡನೆ ನಂಬುವುದು ವಿಚಿತ್ರ. ಮಂಗಳೂರು ಸೀಮೆಯಲ್ಲಿ ಜನಿಸಿದ ನಟಿ ಕಲ್ಪನಾ ಅವರ ವಿಷಯದಲ್ಲಿ ಇದರಿಂದ ಆಗಿರುವ ತೊಡಕು ವಿಚಾರಾರ್ಹವಾಗಿದೆ.

ಶರತ್‌ಲತಾ ಎಂಬುದು ಅವರ ಮೊದಲ ಹೆಸರು. ಜನನ 1943ರ ಜುಲೈ 18. ಆಗ ಆ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. 1963ರಲ್ಲಿ ಬಿ. ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಿಂದ ಅವರು ಪ್ರಸಿದ್ಧಿಗೆ ಬಂದರು. ಅದೇ ವರ್ಷ ಕಾದಂಬರಿಕಾರ್ತಿ ತ್ರಿವೇಣಿಯವರು ಕಾಲವಾದರು. ‘ಬೆಳ್ಳಿ ಮೋಡ’ (1967), ‘ಹಣ್ಣೆಲೆ ಚಿಗುರಿದಾಗ’ (1968), ‘ಶರಪಂಜರ’ (1971) ಈ ಮೂರೂ ತ್ರಿವೇಣಿಯವರ ಕಾದಂಬರಿಗಳಿಂದ ಹುಟ್ಟಿದ ಚಿತ್ರಗಳು. ಕಲ್ಪನಾ ಅವರಿಗೆ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಬಂದುದು ಈ ಮೂರಕ್ಕೇ. ಸಾಹಿತ್ಯಚರಿತ್ರಕಾರರು ಇದನ್ನು ಗಮನಿಸಬೇಕು.

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ವಿಭಾಗಿಸಿ, ಆಹಾರ್ಯದಲ್ಲಿ ಪುಸ್ತ, ಅಲಂಕಾರ, ಅಂಗರಚನೆ, ಸಜ್ಜೀವ ಎಂಬ ನಾಲ್ಕನ್ನು ಹೇಳುತ್ತಾನೆ. ಈ ಮತದಂತೆ ಅಲಂಕಾರವು ಪಾತ್ರದ್ದು, ನಟನದಲ್ಲ. ಕರಾವಳಿಯ ಯಕ್ಷಗಾನದಲ್ಲಿ ಇದು ಪ್ರತ್ಯಕ್ಷವಾಗಿ ಕಾಣುತ್ತದೆ: ಚೌಕಿಯಲ್ಲಿ ವೇಷ ಕಳಚಿದ ಮೇಲೆ ಕಿರೀಟ, ಭುಜಕೀರ್ತಿಗಳು ಮೇಳದ ಪೆಟ್ಟಿಗೆಯನ್ನು ಸೇರುತ್ತವೆಯೇ ಹೊರತು ವೇಷಧಾರಿಯ ಮನೆಯನ್ನಲ್ಲ. ಕಲ್ಪನಾ ಅವರಲ್ಲಿ ಈ ಕ್ರಮ ತಿರುಗುಮುರುಗಾಯಿತು. ಅವರ ಸೀರೆ, ಉಬ್ಬುತೋಳಿನ ರವಿಕೆ, ದೊಡ್ಡ ಉಂಗುರ ಇವು ಪಾತ್ರದ ಗುರುತಾಗಿ ಉಳಿಯದೆ ಅವರ ಸ್ವಂತ ಹೆಸರಿಗೇ ಅಂಟಿಕೊಂಡವು. ಪ್ರೇಕ್ಷಕಿಯರು ಅನುಕರಿಸಿದುದು ಪಾತ್ರವನ್ನಲ್ಲ, ನಟಿಯನ್ನು.

ಆದುದರಿಂದ ಅವರ ಛಾಯಾಚಿತ್ರಗಳನ್ನು ಮೊದಲು ವಿಂಗಡಿಸಬೇಕು. ಚಿತ್ರೀಕರಣದ ನಡುವೆ ಬೇರೊಬ್ಬ ಛಾಯಾಗ್ರಾಹಕನು ಬೇರೆ ಕ್ಯಾಮರಾದಿಂದ ತೆಗೆದ ಸ್ಥಿರಚಿತ್ರವೊಂದು. ಪ್ರಚಾರಕ್ಕಾಗಿ ನಿಲ್ಲಿಸಿ ತೆಗೆದುದೊಂದು. ಗೃಹಕೃತ್ಯದಲ್ಲಿ, ಬಂಧುಗಳ ನಡುವೆ ತೆಗೆದುದೊಂದು. ಮೊದಲನೆಯದು ಆಹಾರ್ಯಕ್ಕೆ ಉತ್ತಮ ಪ್ರಮಾಣ, ಜೀವನಕ್ಕೆ ಪ್ರಮಾಣವಲ್ಲ. ಕಣ್ಣೀರು ತುಂಬಿದ ಸ್ಥಿರಚಿತ್ರವನ್ನು ಹೆಸರು ವರ್ಷಗಳಿಲ್ಲದೆ ಮುದ್ರಿಸಿ ಅದರ ಕೆಳಗೆ ನಟಿಯ ದುಃಖವನ್ನು ವರ್ಣಿಸಿದರೆ ಅದು ಚರಿತ್ರೆಯಾಗದು. ವರ್ಣದ ವಿಷಯವೂ ಉಂಟು. ‘ಬೆಳ್ಳಿ ಮೋಡ’, ‘ಗೆಜ್ಜೆಪೂಜೆ’ (1969) ಮೊದಲಾದವು ಕಪ್ಪುಬಿಳುಪಿನವು. ಆ ಸೀರೆಗಳ ಬಣ್ಣವನ್ನು ತಿಳಿಸಬಲ್ಲುದು ಸೀರೆಯೊಂದೇ. ‘ಶರಪಂಜರ’ದ ಕಾವೇರಿಯ ಉಡುಪಿಗಾದರೋ ವರ್ಣಚಿತ್ರದ ಸಾಕ್ಷ್ಯವಿದೆ.

1979ರ ಮೇ 12ರಂದು, ನಾಟಕದ ಕಂಪನಿಯೊಡನೆ ಸಂಚಾರದಲ್ಲಿದ್ದಾಗ, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು ಮೂವತ್ತೈದು. ಆ ಮರಣಕ್ಕೆ ವಜ್ರದ ಉಂಗುರವೊಂದನ್ನು ಜೋಡಿಸಿದ ಕಥೆ ಜನರ ಬಾಯಲ್ಲಿ ಇಂದಿಗೂ ಉಳಿದಿದೆ. ಕಾಳಿದಾಸನ ನಾಟಕದಲ್ಲಿ ಉಂಗುರವು ಮರೆತುದನ್ನು ನೆನಪಿಗೆ ತಂದಿತು. ಈ ಉಂಗುರವು ನೆನಪಿನಲ್ಲಿದ್ದುದನ್ನೇ ಮರೆಸುತ್ತಿದೆ. ಹದಿನಾರು ವರ್ಷಗಳ ಅಭಿನಯಕ್ಕಿಂತ ಒಂದು ರಾತ್ರಿಯ ವದಂತಿ ಹೆಚ್ಚು ಜನಕ್ಕೆ ತಿಳಿದಿರುವುದು ನ್ಯಾಯವಲ್ಲ.

ಮೈಸೂರಿನ ಬಳಿ 2023ರಲ್ಲಿ ತೆರೆದ ವಿಷ್ಣುವರ್ಧನ ಸ್ಮಾರಕದಲ್ಲಿ ಆ ನಟರ ಚಿತ್ರಗಳನ್ನೂ ವಸ್ತುಗಳನ್ನೂ ಇರಿಸಲಾಗಿದೆ. ಮಂಗಳೂರಿನ ಬಿಜೈಯಲ್ಲಿ ಕರ್ನಲ್ ಮಿರಜಕರ್ ಅವರು ತಾಯಿಯ ನೆನಪಿಗೆ ಕೊಟ್ಟ ಭವನವು 1960ರಿಂದ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ. ಮನೆತನದ ಪ್ರೀತಿ ಸಾರ್ವಜನಿಕ ಸಂಗ್ರಹವಾಗುವ ಮಾರ್ಗ ಆ ಊರಿಗೆ ಹೊಸದಲ್ಲ. ಕಲ್ಪನಾ ಅವರದೆಂಬ ಸೀರೆಯೋ ಉಂಗುರವೋ ಇಂತಹ ಸಂಗ್ರಹಕ್ಕೆ ಬಂದಾಗ, ಕೊಟ್ಟವರು ಯಾರು, ಯಾವ ವರ್ಷದ್ದು, ಯಾವ ಚಿತ್ರದಲ್ಲಿ ಕಾಣುತ್ತದೆ, ನಿರ್ಮಾಪಕರು ಕೊಂಡುದೋ ನಟಿ ಸ್ವತಃ ಕೊಂಡುದೋ ಎಂಬ ನಾಲ್ಕನ್ನು ದಾಖಲೆಯ ಪುಸ್ತಕದಲ್ಲಿ ಬರೆಸಬೇಕು. ಕೊನೆಯದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆಸಬೇಕು.