ಗೆದ್ದೆವೆಂದು ಕಾವಲು ಬಿಟ್ಟ ವರ್ಷಗಳು

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಿನ ಅಂದಾಜು. 1953ರಲ್ಲಿ ಸರ್ಕಾರ ನಿಯಂತ್ರಣ ಕಾರ್ಯಕ್ರಮ ಆರಂಭಿಸಿ ಮನೆಗಳ ಗೋಡೆಗೆ ಡಿಡಿಟಿ ಹೊಡೆಸಿತು. ಫಲ ಕಂಡು 1958ರಲ್ಲಿ ಗುರಿಯನ್ನು ನಿರ್ಮೂಲನೆಗೆ ಏರಿಸಿತು. 1965ರ ಹೊತ್ತಿಗೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು.

ಗೆದ್ದೆವೆಂದು ನಿಗಾ ಸಡಿಲಿಸಿದೆವು. ಡಿಡಿಟಿ ಹೊತ್ತಿಗೆ ಸಿಗಲಿಲ್ಲ; ಸೊಳ್ಳೆಗಳೂ ಅದಕ್ಕೆ ಜಗ್ಗದಾದವು. 1976ರಲ್ಲಿ 64 ಲಕ್ಷಕ್ಕೂ ಹೆಚ್ಚು ಪ್ರಕರಣ! 1977ರಲ್ಲಿ ಸರ್ಕಾರ ಯೋಜನೆ ಬದಲಿಸಿತು: ಮೊದಲು ಸಾವು ತಪ್ಪಿಸಬೇಕೆಂದು ಹಳ್ಳಿಗಳಲ್ಲೇ ಮಲೇರಿಯಾ ಮಾತ್ರೆ ಸಿಗುವಂತೆ ಮಾಡಿತು.

ರೋಗ ಕಡಿಮೆಯಾದಾಗಲೇ ಕಾವಲು ಹೆಚ್ಚು ಬೇಕು. ಊರಲ್ಲಿ ಜ್ವರವಿಲ್ಲದಿದ್ದರೂ ವಾರಕ್ಕೊಮ್ಮೆ ನಿಂತ ನೀರು ಚೆಲ್ಲೋಣ.