ಬಹುಧ್ವನಿ ಗಾಯನ ಮತ್ತು ಕನ್ನಡ ಕ್ರೈಸ್ತ ಕೀರ್ತನೆ

ರಾಗದ ಏಕಧಾರೆಯನ್ನು ಆಧರಿಸಿದ ಕರ್ನಾಟಕದ ಗಾಯನ ಪರಂಪರೆಗೆ ಯುರೋಪಿನ ನಾಲ್ಕು ಧ್ವನಿಗಳ ಮೇಳಗಾನವು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಮಿಷನ್‌ಗಳ ಮೂಲಕ ಮುಖಾಮುಖಿಯಾಯಿತು. ಆ ಸಂಗೀತದಲ್ಲಿ ಕನ್ನಡಕ್ಕೆ ಬಂದುದೇನು, ಬಾರದೆ ಉಳಿದುದೇನು ಎಂಬುದನ್ನು ಅರಿಯಲು ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಷನ್’ ತಕ್ಕ ಅಳತೆಗೋಲಾಗಿದೆ. ಮತ್ತಾಯನ ಸುವಾರ್ತೆಯಲ್ಲಿನ ಯೇಸುವಿನ ಶ್ರಮೆಯ ಕಥನವನ್ನಾಧರಿಸಿದ ಈ ಕೃತಿ 1727ರಲ್ಲಿ ಲೈಪ್‌ಜಿಗ್ ನಗರದಲ್ಲಿ ಮೊದಲು ಪ್ರಸ್ತುತಗೊಂಡಿತು.

ಈ ಕೃತಿಯಲ್ಲಿ ಎರಡು ಬಗೆಯ ಸಮೂಹಗಾಯನಗಳಿವೆ. ಆರಂಭದ ಗಾಯನದಲ್ಲಿ ಎರಡು ಮೇಳಗಳು ಪರಸ್ಪರ ಪ್ರಶ್ನೋತ್ತರ ನಡೆಸುತ್ತವೆ. ಒಂದೊಂದು ಧ್ವನಿಯೂ ತನ್ನದೇ ಜಾಡಿನಲ್ಲಿ ಸಾಗುತ್ತದೆ. ಅವುಗಳ ಮೇಲೆ ಎತ್ತರದ ಸ್ಥಾಯಿಯ ಕಂಠಗಳು ಹಳೆಯ ಸ್ತುತಿಗೀತೆಯೊಂದನ್ನು ನಿಧಾನವಾಗಿ ಹಾಡುತ್ತವೆ. ಇದು ನಿಜವಾದ ಬಹುಧ್ವನಿ. ಎರಡನೆಯದು ಕೋರಲ್ ಎಂಬ ಸಭಾಗೀತೆ. ಇಲ್ಲಿ ನಾಲ್ಕು ಧ್ವನಿಗಳ ಸ್ವರಗಳು ಬೇರೆಯಾದರೂ ಬಹುಮಟ್ಟಿಗೆ ಒಂದೇ ಅಕ್ಷರವನ್ನು ಏಕಕಾಲದಲ್ಲಿ ಉಚ್ಚರಿಸುತ್ತವೆ; ಮಾತು ಸ್ಪಷ್ಟವಾಗಿ ಕೇಳುತ್ತದೆ.

ಮೆಂಡೆಲ್ಸನ್ ಬರ್ಲಿನ್‌ನಲ್ಲಿ ಈ ಕೃತಿಗೆ ಮರುಜೀವ ನೀಡಿದ್ದು 1829ರಲ್ಲಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದುದು 1834ರಲ್ಲಿ. ಅವರು ತಂದುದು ಬಾಖ್‌ನ ಮಹಾಕೃತಿಗಳನ್ನಲ್ಲ, ಆ ಕೃತಿಗಳಿಗೂ ಆಧಾರವಾಗಿದ್ದ ಕೋರಲ್ ಪರಂಪರೆಯನ್ನು. ಸುವಾರ್ತೆಯ ಮಾತು ಸಭೆಗೆ ತಿಳಿಯಬೇಕೆಂಬ ಉದ್ದೇಶಕ್ಕೆ ಅದೇ ಹೊಂದುತ್ತಿತ್ತು. ಜರ್ಮನ್ ಧಾಟಿಗಳಿಗೆ ಕನ್ನಡ ಕೀರ್ತನೆಗಳು ರಚಿತವಾದವು. ಇತ್ತ ಮೈಸೂರು ಸಂಸ್ಥಾನದಲ್ಲಿ, ಗುಬ್ಬಿಯೂ ಸೇರಿದಂತೆ, ನೆಲೆಸಿದ ವೆಸ್ಲಿಯನ್ ಮಿಷನ್ನಿನವರದು ಇಂಗ್ಲಿಷ್ ಸ್ತುತಿಗೀತೆಗಳ ಪರಂಪರೆ.

ತೊಡಕು ಎದುರಾದುದು ಸ್ವರದಲ್ಲಿ ಮಾತ್ರವಲ್ಲ, ಛಂದಸ್ಸಿನಲ್ಲಿಯೂ ಹೌದು. ಜರ್ಮನ್ ಪದ್ಯದ ಲಯ ಅಕ್ಷರದ ಒತ್ತನ್ನು ಅವಲಂಬಿಸಿದೆ; ಕನ್ನಡದ್ದು ಮಾತ್ರೆಯನ್ನು. ಕೋರಲ್‌ನ ಸಮಪ್ರಮಾಣದ ಸ್ವರಗಳಿಗೆ ಕನ್ನಡ ಪದಗಳನ್ನು ಕೂಡಿಸಿದಾಗ ಲಘು ಗುರುಗಳ ಅಂತರ ಅಳಿಸಿಹೋಗುತ್ತದೆ. ‘ಬಿಡು’ ಮತ್ತು ‘ಬೀಡು’ ಎಂಬ ಭಿನ್ನಾರ್ಥದ ಪದಗಳು ಅಲ್ಲಿ ಒಂದೇ ಅಳತೆಗೆ ಬರುತ್ತವೆ. ಅರ್ಥಸ್ಪಷ್ಟತೆಗಾಗಿ ಆಯ್ದ ಗಾಯನವೇ ಅರ್ಥಕ್ಕೆ ಅಡ್ಡಿಯಾಗುವ ಸಂದರ್ಭವಿದು.

ಈ ದೃಷ್ಟಿಯಿಂದ ಫರ್ಡಿನೆಂಡ್ ಕಿಟ್ಟೆಲ್ಲರ ‘ಕಥಾಮಾಲೆ’ (1862) ಮಹತ್ವದ್ದು. ಕ್ರಿಸ್ತಚರಿತೆಯನ್ನು ಅವರು ಅದರಲ್ಲಿ ಭಾರತೀಯ ಛಂದಸ್ಸುಗಳಲ್ಲಿ ನಿರೂಪಿಸಿದರು. ಮುಂದೆ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದ ವಿದ್ವಾಂಸರೂ ಅವರೇ ಎಂಬುದು ಗಮನಾರ್ಹ. ಬಾಖ್ ಲೈಪ್‌ಜಿಗ್‌ನಲ್ಲಿ ಶ್ರಮೆಯ ಕಥನವನ್ನು ಹಲವು ಕಂಠಗಳಿಗೆ ಹಂಚಿದರೆ, ಕಿಟ್ಟೆಲ್ ಕ್ರಿಸ್ತಚರಿತೆಯನ್ನು ಒಂದೇ ಕಂಠದ ವಾಚನಕ್ಕೆ ಒದಗುವ ಪದ್ಯಕ್ಕೆ ತಂದರು.

ಹೀಗೆ ಕನ್ನಡ ಕ್ರೈಸ್ತ ಗಾಯನದಲ್ಲಿ ಎರಡು ಧಾರೆಗಳು ಏರ್ಪಟ್ಟವು: ಪಾಶ್ಚಾತ್ಯ ಧಾಟಿಯ ಕೀರ್ತನೆ ಮತ್ತು ದೇಶೀಯ ಛಂದಸ್ಸಿನ ರಚನೆ. ಮೊದಲನೆಯದರಲ್ಲಿ ನಾಲ್ಕು ಧ್ವನಿಗಳ ಸಾಮರಸ್ಯ ಉಳಿಯಿತು. ಎರಡನೆಯದರಲ್ಲಿ ನುಡಿಯ ಮಾತ್ರೆ ಉಳಿಯಿತು. ಇವೆರಡನ್ನೂ ಕೂಡಿಸುವ ಬಹುಧ್ವನಿ ರಚನೆ ಕನ್ನಡಕ್ಕೆ ಸಾಧ್ಯವಾಗಬೇಕಾದರೆ ಅದು ಸ್ವರದ ಲೆಕ್ಕಕ್ಕಿಂತ ಮೊದಲು ಅಕ್ಷರದ ಅಳತೆಯಿಂದ ಹೊರಡಬೇಕಾಗುತ್ತದೆ.